ಪರದೇಶದಲ್ಲಿ ಟ್ಯಾಕ್ಸಿ: ಬಾಗಿಲು ಹಾಕುವ ಮೊದಲು ತಿಳಿದಿರಬೇಕಾದ್ದು

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಆಟೊ ಹತ್ತುವಾಗ ಯಾರೂ ಮೀಟರ್ ಕೇಳುವುದಿಲ್ಲ. 'ಬಸ್ ಸ್ಟ್ಯಾಂಡಿಗೆ ಎಷ್ಟ್ರೀ?' ಎಂದು ಕೇಳಿ, ಹತ್ತಿಪ್ಪತ್ತು ಕಡಿಮೆ ಮಾಡಿಸಿ ಕುಳಿತುಬಿಡುತ್ತೇವೆ. ವಿಳಾಸವನ್ನೂ ಹೇಳುವುದಿಲ್ಲ. 'ಶರಣಬಸಪ್ಪನ ಗುಡಿ ಹಿಂದ', 'ಜಗತ್ ಸರ್ಕಲ್ ದಾಟಿ ಎಡಕ್ಕ' ಎಂದರೆ ಸಾಕು. ಗಾಡಿಯ ನಂಬರ್ ನೋಡುವ ಮಾತೇ ಇಲ್ಲ. ಬೀದರಿನ ಚೌಬಾರಾದಲ್ಲೂ ಯಾದಗಿರಿ ಸ್ಟೇಷನ್ ಮುಂದೆಯೂ ಇದೇ ರೂಢಿ, ನಮ್ಮ ಕಡೆ ಇದು ಸರಿಯಾಗಿಯೇ ನಡೆಯುತ್ತದೆ. ಆದರೆ ದುಬೈ, ಜಿದ್ದಾ, ಬ್ಯಾಂಕಾಕ್‌ಗಳಿಗೆ ಹೋದ ನಮ್ಮವರು ಟ್ಯಾಕ್ಸಿಯಲ್ಲಿ ಹಣ ಕಳೆದುಕೊಳ್ಳುವುದು, ದಾರಿ ತಪ್ಪುವುದು ಬಹುತೇಕ ಈ ಮೂರು ರೂಢಿಗಳಿಂದಲೇ. ಮೀಟರ್ ಇರುವ ಊರಲ್ಲಿ ಬಾಡಿಗೆ ಕುದುರಿಸಲು ಹೋದರೆ ಮೀಟರನ್ನು ನಾವೇ ಬಂದ್ ಮಾಡಿಸಿದ ಹಾಗೆ.

ಗಾಡಿ ಯಾವುದು, ಹೋಗಬೇಕಾದ್ದು ಎಲ್ಲಿಗೆ, ಬಾಡಿಗೆಯ ಲೆಕ್ಕ ಹೇಗೆ. ಈ ಮೂರನ್ನೂ ಬಾಗಿಲು ಹಾಕುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಗಾಡಿ ಹೊರಟ ಮೇಲೆ ವಾದ ಮಾಡಿ ಗೆಲ್ಲುವುದು ಕಷ್ಟ. ಊರು ಹೊಸದು, ದಾರಿ ಗೊತ್ತಿಲ್ಲ, ಸಾಮಾನು ಅವರ ಡಿಕ್ಕಿಯಲ್ಲಿದೆ.

ನಮ್ಮ ಮೂರು ಜಿಲ್ಲೆಗಳಿಂದ ಹೆಚ್ಚು ಜನ ಹೋಗುವುದು ಕೊಲ್ಲಿ ದೇಶಗಳಿಗೆ. ಮಗನೋ ಅಳಿಯನೋ ದುಬೈ, ಶಾರ್ಜಾದಲ್ಲಿ ದುಡಿಯುತ್ತಿರುತ್ತಾರೆ, ಇಲ್ಲವೆ ಮಕ್ಕಾಕ್ಕೆ ಉಮ್ರಾ ಯಾತ್ರೆ. ಆದ್ದರಿಂದ ಆ ಊರುಗಳ ವಿವರ ಇಲ್ಲಿ ಹೆಚ್ಚಿದೆ, ಉಳಿದವು ಚುಟುಕಾಗಿವೆ.

ಊರಲ್ಲೇ ಮುಗಿಸಬೇಕಾದ ಕೆಲಸ

ಮೊದಲು ಬ್ಯಾಂಕ್ ಕಾರ್ಡ್. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಡೆಬಿಟ್, ಕ್ರೆಡಿಟ್ ಕಾರ್ಡುಗಳು ಕೈಗೆ ಬರುವಾಗ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಪರದೇಶದ ವ್ಯವಹಾರವನ್ನು ನಾವೇ ಚಾಲೂ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ವಿಭಾಗಕ್ಕೆ ಹೋಗಿ 'ಇಂಟರ್‌ನ್ಯಾಷನಲ್' ಎನ್ನುವುದನ್ನು ಒತ್ತಿ, ದಿನದ ಮಿತಿ ಹಾಕಿ. ಆ್ಯಪ್ ಬಳಸದವರು ಶಾಖೆಗೇ ಹೋಗಿ ಮಾಡಿಸಿಕೊಳ್ಳಿ. ಇದನ್ನು ಬಿಟ್ಟರೆ ಖಾತೆಯಲ್ಲಿ ಲಕ್ಷ ಇದ್ದರೂ ದುಬೈ ಟ್ಯಾಕ್ಸಿಯ ಯಂತ್ರದಲ್ಲಿ ಕಾರ್ಡ್ ನಡೆಯುವುದಿಲ್ಲ. ಫೋನ್‌ಪೇ, ಗೂಗಲ್‌ಪೇ ಇದೆಯಲ್ಲ ಎಂದು ನಂಬಿ ಹೋಗಬೇಡಿ. ನಮ್ಮ ಯುಪಿಐ ಹೊರದೇಶದ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಟ್ಯಾಕ್ಸಿಗೆ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಎರಡನೆಯದು ಸಿಮ್. ಇಲ್ಲಿ ಎಡವುವವರೇ ಹೆಚ್ಚು. ಅಲ್ಲಿ ಇಳಿದ ಕೂಡಲೇ ಊರಿನ ಸಿಮ್ ತೆಗೆದು ಅಲ್ಲಿಯ ಸಿಮ್ ಹಾಕುತ್ತಾರೆ. ಆಮೇಲೆ ಟ್ಯಾಕ್ಸಿ ಆ್ಯಪ್‌ಗೆ ಕಾರ್ಡ್ ಸೇರಿಸಲು ಹೋದರೆ ಒಟಿಪಿ ಊರಿನ ನಂಬರಿಗೆ ಹೋಗುತ್ತದೆ, ಆ ಸಿಮ್ ಪರ್ಸಿನಲ್ಲಿರುತ್ತದೆ. ಹೊರಡುವ ಎರಡು ದಿನ ಮೊದಲು ಊರಿನ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ. ಎರಡು ಸಿಮ್ ಹಿಡಿಯುವ ಫೋನ್ ಇದ್ದರೆ ಎರಡೂ ಒಳಗೇ ಇರಲಿ, ಆದರೆ ಊರಿನ ಸಿಮ್‌ನ ಡೇಟಾ ರೋಮಿಂಗ್ ಬಂದ್ ಇರಲಿ. ಇಲ್ಲದಿದ್ದರೆ ಬಿಲ್ ಏರುತ್ತದೆ.

ಮೂರನೆಯದು ಆ್ಯಪ್. ದುಬೈ ಮತ್ತು ಸೌದಿಗೆ ಕರೀಮ್ ಮತ್ತು ಊಬರ್, ಥಾಯ್ಲೆಂಡ್, ಸಿಂಗಪುರಕ್ಕೆ ಗ್ರ್ಯಾಬ್. ಇವನ್ನು ಮನೆಯಲ್ಲೇ ಹಾಕಿಕೊಂಡು, ಹೆಸರು ನೋಂದಾಯಿಸಿ, ಕಾರ್ಡ್ ಸೇರಿಸಿಟ್ಟುಕೊಳ್ಳಿ. ಒಟಿಪಿಯ ತೊಂದರೆ ಊರಲ್ಲೇ ಮುಗಿಯುತ್ತದೆ.

ನಾಲ್ಕನೆಯದು ವಿಳಾಸ, ಮತ್ತು ಇದಕ್ಕೆ ನಾವು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುತ್ತೇವೆ. 'ಮಗ ದೇರಾದಲ್ಲಿದ್ದಾನೆ' ಎನ್ನುವುದು ವಿಳಾಸವಲ್ಲ. ದೇರಾ ಎಂದರೆ ದುಬೈನ ಹಳೆಯ ಊರಿನ ಅರ್ಧ ಭಾಗ. ದುಬೈನ ಪ್ರತಿ ಕಟ್ಟಡದ ಬಾಗಿಲ ಬಳಿ ಒಂದು ಫಲಕದಲ್ಲಿ 10 ಅಂಕಿಯ 'ಮಕಾನಿ' ಸಂಖ್ಯೆ ಇರುತ್ತದೆ. ಅದರ ಫೋಟೊ ತೆಗೆದು ವಾಟ್ಸಾಪ್ ಮಾಡಲು ಮಗನಿಗೆ ಹೇಳಿ. ಸೌದಿಯಲ್ಲಿ ಇದೇ ಕೆಲಸಕ್ಕೆ 4 ಅಕ್ಷರ, 4 ಅಂಕಿ ಸೇರಿದ ಕಿರು ವಿಳಾಸವಿದೆ. ಜೊತೆಗೆ ಗೂಗಲ್ ಮ್ಯಾಪ್‌ನ ಲೊಕೇಶನ್ ತರಿಸಿಕೊಂಡು ಸೇವ್ ಮಾಡಿ, ಆ ಊರಿನ ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಕೊಳ್ಳಿ. ಇಷ್ಟಾದ ಮೇಲೂ ಕಟ್ಟಡದ ಹೆಸರು, ಬಡಾವಣೆ, ಹತ್ತಿರದ ಮೆಟ್ರೊ ನಿಲ್ದಾಣ ಅಥವಾ ಮಸೀದಿ, ಮಗನ ಅಲ್ಲಿಯ ಫೋನ್ ನಂಬರ್ ಇಷ್ಟನ್ನು ಒಂದು ಹಾಳೆಯಲ್ಲಿ ಇಂಗ್ಲಿಷ್‌ನಲ್ಲಿ ದಪ್ಪಕ್ಷರದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಫೋನ್ ಚಾರ್ಜ್ ಮುಗಿದಾಗ ಕೈ ಹಿಡಿಯುವುದು ಆ ಹಾಳೆಯೇ.

ಐದನೆಯದು ಚಿಲ್ಲರೆ. ದಿರ್ಹಮ್ ಅಥವಾ ರಿಯಾಲ್ ಕೊಳ್ಳುವಾಗ ಐದು ನೂರರ ನೋಟುಗಳನ್ನೇ ಕೊಟ್ಟರೆ ತೆಗೆದುಕೊಳ್ಳಬೇಡಿ. 5, 10, 20, 50ರ ನೋಟುಗಳಲ್ಲಿ ಸುಮಾರು 200 ದಿರ್ಹಮ್ ಕೈಯಲ್ಲಿರಲಿ. ದೊಡ್ಡ ನೋಟು ಕೊಟ್ಟರೆ ಡ್ರೈವರ್ ಬಳಿ ಚಿಲ್ಲರೆ ಇರುವುದಿಲ್ಲ, 'ಇಟ್ಕೊಳ್ರಿ' ಎನ್ನುವ ಪರಿಸ್ಥಿತಿ ಬರುತ್ತದೆ. ದಿರ್ಹಮ್, ರಿಯಾಲ್ ಎರಡೂ ಡಾಲರಿಗೆ ಕಟ್ಟಿದ ನಾಣ್ಯಗಳು, ಒಂದು ಡಾಲರಿಗೆ 3.67 ದಿರ್ಹಮ್, 3.75 ರಿಯಾಲ್. ಹಾಗಾಗಿ ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಮನಸ್ಸಿನಲ್ಲಿ ಲೆಕ್ಕ ಹಾಕಲು ಒಂದಕ್ಕೆ 25 ರೂಪಾಯಿ ಹಿಡಿದುಕೊಂಡರೆ ಸುಲಭ.

ಇನ್ನು ಸಾಮಾನು. ಸಾಧಾರಣ ಟ್ಯಾಕ್ಸಿಯ ಡಿಕ್ಕಿಯಲ್ಲಿ ಎರಡು ದೊಡ್ಡ ಸೂಟ್‌ಕೇಸ್, ಒಂದೆರಡು ಚಿಕ್ಕ ಬ್ಯಾಗು ಹಿಡಿಯುತ್ತವೆ. ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಹೋಳಿಗೆಯ ಪೆಟ್ಟಿಗೆ, ಹಗ್ಗ ಕಟ್ಟಿದ ಗಂಟು ಎಲ್ಲ ಸೇರಿ ನಾಲ್ಕು ಜನ, ನಾಲ್ಕು ದೊಡ್ಡ ಸಾಮಾನಾದರೆ ಒಂದೇ ಗಾಡಿ ಸಾಲದು. ದೊಡ್ಡ ವ್ಯಾನ್ ಟ್ಯಾಕ್ಸಿಯನ್ನೇ ಕೇಳಬೇಕು. ತೊಡೆಯ ಮೇಲೆ ಸೂಟ್‌ಕೇಸ್ ಇಟ್ಟುಕೊಂಡು ಅಡ್ಜಸ್ಟ್ ಆಗುವುದು ಅಲ್ಲಿ ನಡೆಯುವುದಿಲ್ಲ. ಟ್ಯಾಕ್ಸಿಗೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕಾದ ಮಾತು: ದುಬೈ, ಶಾರ್ಜಾ ಸೇರಿದ ಯುಎಇ ದೇಶಕ್ಕೆ ಗಸಗಸೆ ಒಯ್ಯಬೇಡಿ. ನಮ್ಮ ಅಡುಗೆಮನೆಯ ಗಸಗಸೆ ಅಲ್ಲಿ ನಿಷಿದ್ಧ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಮಸಾಲೆ ಪುಡಿಯ ಪೊಟ್ಟಣಗಳನ್ನು ಕಟ್ಟುವ ಮೊದಲೇ ನೋಡಿಕೊಳ್ಳಿ.

ಶಂಶಾಬಾದ್ ತನಕ

ನಮಗೆ ಹತ್ತಿರದ ಅಂತರರಾಷ್ಟ್ರೀಯ ನಿಲ್ದಾಣ ಹೈದರಾಬಾದಿನ ಶಂಶಾಬಾದ್. ಬೀದರಿನವರು ಜಹೀರಾಬಾದ್ ಮೇಲೆ ಹೋಗಿ, ಪಟಾನ್‌ಚೆರು ಹತ್ತಿರ ಹೊರವರ್ತುಲ ರಸ್ತೆ ಹತ್ತಿದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಊರಿನಿಂದ ಕಾರು ಗೊತ್ತು ಮಾಡುವಾಗ ಬಾಡಿಗೆಯಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಕೇಳಿ: ಹೋಗಿಬರುವ ಎರಡೂ ಕಡೆಯ ಕಿಲೋಮೀಟರ್, ಟೋಲ್, ತೆಲಂಗಾಣದ ಪರ್ಮಿಟ್, ಡ್ರೈವರ್ ಭತ್ಯೆ, ನಿಲ್ದಾಣದ ಪಾರ್ಕಿಂಗ್. ಹಳದಿ ಬೋರ್ಡ್ ಇಲ್ಲದ ಕಾರಿಗೆ ಬಾಡಿಗೆ ಕೊಡಬೇಡಿ. ಅಪಘಾತವಾದರೆ ವಿಮೆ ಸಿಗುವುದು ಕಷ್ಟ. ಇದೇ ನಿಯಮ ಹೊರದೇಶದಲ್ಲೂ ಮತ್ತೆ ಬರುತ್ತದೆ.

ದಖನಿ ಬಲ

ನಮ್ಮ ಸೀಮೆಯವರಿಗೆ ಬೆಂಗಳೂರು, ಮೈಸೂರಿನವರಿಗಿಲ್ಲದ ಒಂದು ಅನುಕೂಲವಿದೆ. ದುಬೈಯ ಟ್ಯಾಕ್ಸಿ ಡ್ರೈವರುಗಳಲ್ಲಿ ಪಾಕಿಸ್ತಾನ, ಭಾರತ, ಬಾಂಗ್ಲಾದೇಶದವರೇ ತುಂಬಾ. ಚಿಕ್ಕಂದಿನಿಂದ ಓಣಿಯಲ್ಲಿ ಕಲಿತ ದಖನಿ ಉರ್ದು ಅಲ್ಲಿ ಧಾರಾಳವಾಗಿ ನಡೆಯುತ್ತದೆ. ಇಂಗ್ಲಿಷ್ ಬಾರದ ಹಿರಿಯರೂ ಅಂಜಬೇಕಿಲ್ಲ. ಆದರೆ ಪೇಶಾವರದ ಡ್ರೈವರನಿಗೆ 'ನಕ್ಕೋ', 'ಹೌ', 'ಕೈಕು' ತಿಳಿಯುವುದಿಲ್ಲ. 'ನಹೀಂ', 'ಹಾಂ', 'ಕ್ಯೂಂ' ಅನ್ನಿ. ಮೊದಲ ಮಾತು ಇಷ್ಟೇ ಇರಲಿ: 'ಭಾಯ್ ಸಾಬ್, ಮೀಟರ್ ಸೇ ಚಲಿಯೇ.'

ಅರಬ್ಬಿ ಡ್ರೈವರುಗಳಿಗೆ ಬೇಕಾಗುವ ಪದಗಳೂ ಕೆಲವೇ. ಯಮೀನ್ ಎಂದರೆ ಬಲ, ಯಸಾರ್ ಎಂದರೆ ಎಡ. ನೇರಕ್ಕೆ ಕೊಲ್ಲಿಯ ಅರಬರೂ 'ಸೀದಾ' ಎಂದೇ ಅನ್ನುತ್ತಾರೆ, ಆ ಪದ ನಮ್ಮ ಕಡೆಯಿಂದಲೇ ಅಲ್ಲಿಗೆ ಹೋದದ್ದು. ಸಿಗ್ನಲ್‌ಗೆ ಇಶಾರಾ, ವೃತ್ತಕ್ಕೆ ದವ್ವಾರ್, ಮೀಟರ್‌ಗೆ ಅದ್ದಾದ್, ಎಷ್ಟು ಎನ್ನಲು ಕಮ್, ನಿಧಾನಕ್ಕೆ ಶ್ವಯ್ ಶ್ವಯ್. ಉರ್ದು ಓದಲು ಬಲ್ಲವರಿಗೆ ಅರಬ್ಬಿ ಅಂಕಿ ಓದುವುದೂ ಕಷ್ಟವಲ್ಲ.

ದುಬೈ

ದುಬೈಯ ಸರ್ಕಾರಿ ಪರವಾನಗಿಯ ಟ್ಯಾಕ್ಸಿಯನ್ನು ದೂರದಿಂದಲೇ ಗುರುತಿಸಬಹುದು. ಮೈ ಬಣ್ಣ ಕೆನೆ, ತಲೆಯ ಬಣ್ಣ ಕಂಪನಿಗೆ ತಕ್ಕಂತೆ ಕೆಂಪು, ನೀಲಿ, ಹಳದಿ, ಹಸಿರು, ಕಿತ್ತಳೆ. ಬಣ್ಣ ಯಾವುದಾದರೂ ದರ ಒಂದೇ, ಎಲ್ಲವೂ ಆರ್‌ಟಿಎ ಎಂಬ ಸಾರಿಗೆ ಪ್ರಾಧಿಕಾರದ ಕೈಕೆಳಗಿವೆ. ಗುಲಾಬಿ ತಲೆಯದು ಹೆಂಗಸರಿಗೆ ಮತ್ತು ಕುಟುಂಬಕ್ಕೆ ಮೀಸಲು, ಓಡಿಸುವವರೂ ಹೆಂಗಸರೇ. ಒಬ್ಬರೇ ಹೋಗುವ ತಾಯಂದಿರು ವಿಮಾನ ನಿಲ್ದಾಣದಲ್ಲಿ ಇದನ್ನೇ ಕೇಳಬಹುದು.

ಇಳಿದ ಮೇಲೆ ಮೊದಲು ಯಾವ ಟರ್ಮಿನಲ್‌ನಲ್ಲಿದ್ದೀರಿ ನೋಡಿ. ಎಮಿರೇಟ್ಸ್ ವಿಮಾನ 3ನೇ ಟರ್ಮಿನಲ್‌ಗೆ ಬರುತ್ತದೆ. 1 ಮತ್ತು 3ರಲ್ಲಿ ಮೆಟ್ರೊ ಕೆಂಪು ಮಾರ್ಗದ ನಿಲ್ದಾಣಗಳಿವೆ. 2ನೇ ಟರ್ಮಿನಲ್ ರನ್‌ವೇಯ ಆಚೆ ಬದಿಗೆ ಬೇರೆಯೇ ಇದೆ, ಅಲ್ಲಿ ಮೆಟ್ರೊ ಇಲ್ಲ. ಕರೆದೊಯ್ಯಲು ಬಂದ ಮಗ 3ರಲ್ಲಿ, ತಂದೆ 2ರಲ್ಲಿ ನಿಂತರೆ ಗಂಟೆಗಟ್ಟಲೆ ಪರದಾಟ. ಟಿಕೆಟ್ ಮೇಲಿನ ಟರ್ಮಿನಲ್ ಸಂಖ್ಯೆಯನ್ನು ಮೊದಲೇ ಮಗನಿಗೆ ಕಳಿಸಿ. ಮತ್ತೊಂದು ಸಂಗತಿ, ಯುಎಇಯಲ್ಲಿ ವಾಟ್ಸಾಪ್ ಕರೆಗೆ ನಿರ್ಬಂಧವಿದೆ. ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. 'ಇಳಿದ ಮೇಲೆ ವಾಟ್ಸಾಪ್‌ನಾಗ ಫೋನ್ ಮಾಡ್ತೀನಿ' ಎಂದು ಹೇಳಿ ಹೋದವರು ಅಲ್ಲಿ ಗಾಬರಿಯಾಗುತ್ತಾರೆ.

ಹೊರಗೆ ಬಂದರೆ ಫಲಕ ಹಾಕಿದ ಟ್ಯಾಕ್ಸಿ ಸಾಲು ಸಿಗುತ್ತದೆ. ಸಾಲಿನ ಮೊದಲ ಗಾಡಿಯನ್ನೇ ಹತ್ತಬೇಕು, ಆರಿಸುವಂತಿಲ್ಲ. ಪಕ್ಕದಲ್ಲೇ ನಿಂತ ಕಪ್ಪು ಕಾರುಗಳು ಲಿಮೊಸಿನ್ ಸೇವೆಯವು. ಅವುಗಳ ದರ ಹೆಚ್ಚು. ದೊಡ್ಡ ಹೋಟೆಲುಗಳ ಬಾಗಿಲಲ್ಲೂ ಕೇಳದೆಯೇ ಇದನ್ನೇ ಕರೆಸಿಕೊಡುವುದುಂಟು. 'ಸಾಧಾರಣ ಟ್ಯಾಕ್ಸಿ ಬೇಕು' ಎಂದು ಸ್ಪಷ್ಟವಾಗಿ ಹೇಳಿದರೆ ಅದನ್ನೇ ಕರೆಸುತ್ತಾರೆ.

ಮೀಟರಿನ ಲೆಕ್ಕ ಹೀಗಿದೆ. ವಿಮಾನ ನಿಲ್ದಾಣದಿಂದ ಹತ್ತಿದರೆ ಮೀಟರ್ 25 ದಿರ್ಹಮ್‌ನಿಂದ ಶುರುವಾಗುತ್ತದೆ. ಇದು ಮೋಸವಲ್ಲ, ನಿಗದಿಯಾದ ದರ. ಊರೊಳಗೆ ರಸ್ತೆಯಲ್ಲಿ ಕೈ ಮಾಡಿ ಹತ್ತಿದರೆ ಐದರ ಆಸುಪಾಸಿನಿಂದ ಶುರು, ಆದರೆ ಎಷ್ಟೇ ಹತ್ತಿರ ಹೋದರೂ ಕನಿಷ್ಠ 12, 13 ದಿರ್ಹಮ್ ಕೊಡಲೇಬೇಕು. ನಡೆದು ಹೋಗಬಹುದಾದ ಎರಡು ಓಣಿಗೆ ಟ್ಯಾಕ್ಸಿ ಹತ್ತಿದರೆ 300 ರೂಪಾಯಿ ಹೋಯಿತು ಅನ್ನಿ. ಕಿಲೋಮೀಟರಿಗೆ ಎರಡರಿಂದ ಎರಡೂವರೆ ದಿರ್ಹಮ್, ಪೆಟ್ರೋಲ್ ಬೆಲೆಯ ಜೊತೆ ಏರಿಳಿಯುತ್ತದೆ. ಟ್ರಾಫಿಕ್‌ನಲ್ಲಿ ನಿಂತರೂ ಮೀಟರ್ ಓಡುತ್ತದೆ. ಹೆದ್ದಾರಿಯಲ್ಲಿ 'ಸಾಲಿಕ್' ಎಂಬ ಟೋಲ್ ಕಮಾನು ದಾಟಿದಾಗಲೆಲ್ಲ ಟೋಲ್ ಹಣ ಬಾಡಿಗೆಗೆ ಸೇರುತ್ತದೆ. ಗಾಡಿ ನಿಲ್ಲುವುದಿಲ್ಲ, ಯಾರೂ ಕೈ ಚಾಚುವುದಿಲ್ಲ. ಆದ್ದರಿಂದಲೇ ಇಳಿಯುವಾಗ ಮೀಟರಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ಕೇಳಿದರೆಂದು ಜಗಳ ಶುರುವಾಗುತ್ತದೆ. ರಸೀದಿ ಕೇಳಿ, ಅದರಲ್ಲಿ ಟೋಲ್ ಬೇರೆಯಾಗಿ ಕಾಣುತ್ತದೆ. ಅಂದಾಜಿಗೆ, ನಿಲ್ದಾಣದಿಂದ ದುಬೈ ಮರೀನಾ ತನಕ ಮೂವತ್ತು ಕಿಲೋಮೀಟರಿಗೂ ಮೇಲೆ. 25ಕ್ಕೆ ಕಿಲೋಮೀಟರಿನ ಲೆಕ್ಕ, ಟೋಲ್ ಎಲ್ಲ ಸೇರಿಸಿದರೆ 100 ದಿರ್ಹಮ್ ಸುತ್ತಮುತ್ತ ಬರುತ್ತದೆ. ಹತ್ತುವ ಮೊದಲೇ ಈ ಗುಣಾಕಾರ ಮಾಡಿಟ್ಟುಕೊಂಡರೆ ಮೀಟರ್ ನೋಡಿ ಎದೆ ಬಡಿದುಕೊಳ್ಳುವುದಿಲ್ಲ.

ಶಾರ್ಜಾಕ್ಕೆ ಹೋಗುವವರು ಗಮನಿಸಿ. ದುಬೈ, ಶಾರ್ಜಾ ಅಂಟಿಕೊಂಡ ಊರುಗಳಾದರೂ ಬೇರೆ ಬೇರೆ ಎಮಿರೇಟ್‌ಗಳು, ಟ್ಯಾಕ್ಸಿ ಪರವಾನಗಿಯೂ ಬೇರೆ. ದುಬೈ ಗಾಡಿ ಶಾರ್ಜಾದಲ್ಲಿ ಇಳಿಸಿ ಖಾಲಿ ಮರಳಬೇಕು, ಅದಕ್ಕೇ 20 ದಿರ್ಹಮ್ ಹೆಚ್ಚುವರಿ ಸೇರಿಸುತ್ತಾರೆ. ಸಂಜೆ ಹೊತ್ತು ಆ ರಸ್ತೆ ತುಂಬಿ ನಿಂತಿರುತ್ತದೆ. ಮಗನ ಮನೆ ಶಾರ್ಜಾದಲ್ಲಿದ್ದರೆ ಟಿಕೆಟ್ ತೆಗೆಸುವಾಗಲೇ ಶಾರ್ಜಾ ವಿಮಾನ ನಿಲ್ದಾಣಕ್ಕೆ ಹೋಗುವ ವಿಮಾನ ನೋಡುವುದು ಜಾಣತನ.

ರಸ್ತೆಯಲ್ಲಿ ಗಾಡಿ ನಿಲ್ಲಿಸುವಾಗ ನಮ್ಮವರು ತಪ್ಪುವುದು ಬದಿಯ ವಿಚಾರದಲ್ಲಿ. ಅಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ. ಹೋಗಬೇಕಾದ ದಿಕ್ಕಿನ ಬಲ ಅಂಚಿಗೆ ನಿಲ್ಲಬೇಕು. ಎದುರು ಬದಿಗೆ ನಿಂತು ಹತ್ತಿದರೆ ಗಾಡಿ ಮೊದಲು ಉಲ್ಟಾ ದಿಕ್ಕಿಗೇ ಓಡುತ್ತದೆ. ಶೇಖ್ ಝಾಯೆದ್ ರಸ್ತೆಯಂಥ ಹೆದ್ದಾರಿಯಲ್ಲಿ ಯೂ ಟರ್ನ್ ಸಿಗಲು ಕೆಲವು ಕಿಲೋಮೀಟರ್ ಹೋಗಬೇಕು, ಆ ಬಾಡಿಗೆ ನಿಮ್ಮದೇ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ. ಇಳಿಯುವಾಗ ಬಲಗಡೆಯ ಬಾಗಿಲು ತೆಗೆಯಿರಿ, ಎಡಗಡೆ ಗಾಡಿಗಳು ರಭಸದಿಂದ ಬರುತ್ತಿರುತ್ತವೆ. ಇದು ಹಣದ ಮಾತಲ್ಲ, ಜೀವದ ಮಾತು.

ಸೀಟ್ ಬೆಲ್ಟ್ ಹಿಂದೆ ಕೂತವರಿಗೂ ಕಡ್ಡಾಯ. ನಾಲ್ಕು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಬೇಕು, ಹತ್ತು ವರ್ಷದೊಳಗಿನವರನ್ನು ಮುಂದೆ ಕೂರಿಸುವಂತಿಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಹೋಗುವ ಪ್ರೀತಿ ಅಲ್ಲಿ ಬೇಡ. ಪಾನ್, ಗುಟ್ಕಾ ಜೇಬಿನಲ್ಲೂ ಬೇಡ. ಗಾಡಿಯೊಳಗೆ ಕೆಂಪು ಕಲೆ ಬಿದ್ದರೆ, ಕಿಟಕಿಯಿಂದ ಉಗುಳಿದರೆ ದಂಡ ಬೀಳುತ್ತದೆ.

ಹಣವನ್ನು ನಗದಾಗಿಯೂ ಕಾರ್ಡಿನಲ್ಲೂ ಕೊಡಬಹುದು. ಮೆಟ್ರೊಗೆ ಬಳಸುವ ನೋಲ್ ಕಾರ್ಡ್ ಕೂಡ ಟ್ಯಾಕ್ಸಿಯಲ್ಲಿ ನಡೆಯುತ್ತದೆ. ಗಾಡಿ ಸಿಗದೆ ಹೋಗುವ ಹೊತ್ತುಗಳೆಂದರೆ ಮಧ್ಯಾಹ್ನದ ಕೊನೆಗೆ ಡ್ರೈವರುಗಳ ಪಾಳಿ ಬದಲಾಗುವ ಸಮಯ ಮತ್ತು ಶುಕ್ರವಾರ ಮಧ್ಯಾಹ್ನದ ನಮಾಜಿನ ಸಮಯ. ಆಗ ಕರೀಮ್ ಆ್ಯಪ್‌ನಲ್ಲಿ 'ಹಾಲಾ' ಎಂದು ಇರುವುದನ್ನು ಒತ್ತಿದರೆ ಇದೇ ಕೆನೆ ಬಣ್ಣದ ಮೀಟರ್ ಟ್ಯಾಕ್ಸಿ ಮನೆ ಬಾಗಿಲಿಗೆ ಬರುತ್ತದೆ.

ಒಂದು ಎಚ್ಚರಿಕೆ ದುಡಿಯಲು ಹೋದವರಿಗೆ. 'ಕಾರ್ ಲಿಫ್ಟ್' ಹೆಸರಿನಲ್ಲಿ ಪರಿಚಯದವರ ಖಾಸಗಿ ಕಾರಿನಲ್ಲಿ ಹಣ ಕೊಟ್ಟು ಓಡಾಡುವ ಪದ್ಧತಿ ಕಾರ್ಮಿಕರಲ್ಲಿದೆ. ಪರವಾನಗಿ ಇಲ್ಲದಿದ್ದರೆ ಅದು ಕಾನೂನುಬಾಹಿರ, ಅಪಘಾತವಾದರೆ ವಿಮೆಯ ಆಸರೆ ಸಿಗುವುದು ಕಷ್ಟ. ತಿಂಗಳಿಗೆ ಉಳಿಯುವ ಹಣಕ್ಕಿಂತ ಆ ಅಪಾಯ ದೊಡ್ಡದು.

ಜಿದ್ದಾ, ಮಕ್ಕಾ, ಮದೀನಾ

ಉಮ್ರಾ ಪ್ಯಾಕೇಜ್‌ನಲ್ಲಿ ಬಸ್ ಸೇರಿರುವುದರಿಂದ ಹೆಚ್ಚಿನವರಿಗೆ ಜಿದ್ದಾದಿಂದ ಮಕ್ಕಾಕ್ಕೆ ಟ್ಯಾಕ್ಸಿ ಬೇಕಾಗುವುದಿಲ್ಲ. ಸ್ವಂತವಾಗಿ ಹೋದವರಿಗೆ ಜಿದ್ದಾ ನಿಲ್ದಾಣದ 1ನೇ ಟರ್ಮಿನಲ್‌ನಿಂದಲೇ ಹರಮೈನ್ ವೇಗದ ರೈಲು ಇದೆ. 2018ರಲ್ಲಿ ಶುರುವಾದ ಈ ರೈಲು ಮಕ್ಕಾಕ್ಕೂ ಮದೀನಾಕ್ಕೂ ಹೋಗುತ್ತದೆ. ಮಕ್ಕಾ ಮದೀನಾ ನಡುವೆ ಸುಮಾರು 450 ಕಿಲೋಮೀಟರ್, ಅಷ್ಟು ದೂರಕ್ಕೆ ಟ್ಯಾಕ್ಸಿಗಿಂತ ರೈಲೇ ಮೇಲು. ಆದರೆ ಮಕ್ಕಾದ ರೈಲು ನಿಲ್ದಾಣ ಹರಮ್ (ಕಾಬಾ ಇರುವ ದೊಡ್ಡ ಮಸೀದಿ) ಪಕ್ಕದಲ್ಲಿಲ್ಲ, ರುಸೈಫಾ ಎಂಬ ಬಡಾವಣೆಯಲ್ಲಿದೆ. ಅಲ್ಲಿಂದ ಹೋಟೆಲಿಗೆ ಮತ್ತೆ ಗಾಡಿ ಬೇಕು.

ಜಿದ್ದಾದಲ್ಲಿ ಹೊರಬರುತ್ತಿದ್ದಂತೆ 'ಟ್ಯಾಕ್ಸಿ, ಟ್ಯಾಕ್ಸಿ, ಮಕ್ಕಾ' ಎಂದು ಪಕ್ಕದಲ್ಲೇ ನಡೆದು ಬರುವವರಿರುತ್ತಾರೆ. ಇವರಲ್ಲಿ ಹಲವರದು ಪರವಾನಗಿ ಇಲ್ಲದ ಖಾಸಗಿ ಕಾರು. ಪ್ರೀತಿಯಿಂದ ಮಾತಾಡಿ ಸೂಟ್‌ಕೇಸ್ ಕೈಗೆತ್ತಿಕೊಂಡರೆ ಹಿಂದೆ ಹೋಗಲೇಬೇಕಾಗುತ್ತದೆ. ಹಾಗಾಗಿ ಸಾಮಾನನ್ನು ಯಾರ ಕೈಗೂ ಕೊಡಬೇಡಿ. ಒಳಗಿನ ಟ್ಯಾಕ್ಸಿ ಕೌಂಟರ್ ಅಥವಾ ಫಲಕವಿರುವ ಟ್ಯಾಕ್ಸಿ ಸಾಲು, ಇಲ್ಲವೆ ಆ್ಯಪ್, ಇಷ್ಟೇ ದಾರಿ.

ಮಕ್ಕಾದಲ್ಲಿ ಟ್ಯಾಕ್ಸಿಯ ಅಗತ್ಯ ಬೀಳುವುದು ಮುಖ್ಯವಾಗಿ ಎರಡಕ್ಕೆ. ಒಂದು, ಮತ್ತೊಂದು ಉಮ್ರಾಕ್ಕೆ ಇಹ್ರಾಮ್ (ಯಾತ್ರೆಯ ಉಡುಪು) ಕಟ್ಟಲು ತನ್‌ಈಮ್‌ನಲ್ಲಿರುವ ಆಯಿಷಾ ಮಸೀದಿಗೆ ಹೋಗಿಬರುವುದು. ಎರಡು, ಝಿಯಾರತ್, ಅಂದರೆ ಪುಣ್ಯಸ್ಥಳಗಳ ದರ್ಶನ. ಇಲ್ಲಿ ಮೀಟರ್ ಹಾಕುವವರು ಕಡಿಮೆ, ಬಾಯಿಮಾತಿನ ಬಾಡಿಗೆಯೇ ರೂಢಿ. ಕಲಬುರಗಿಯ ಚೌಕಾಸಿ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಆದರೆ ಕ್ರಮದಲ್ಲಿ ಮಾಡಬೇಕು. ಮೊದಲು ಕೇಳಬೇಕಾದ್ದು 'ನಫರ್' ಲೆಕ್ಕವೋ 'ಸಯ್ಯಾರಾ ಕಾಮಿಲಾ' ಲೆಕ್ಕವೋ ಎಂದು. ನಫರ್ ಎಂದರೆ ತಲೆಗೆ, ಸಯ್ಯಾರಾ ಕಾಮಿಲಾ ಎಂದರೆ ಇಡೀ ಗಾಡಿಗೆ. ಇಪ್ಪತ್ತು ಎಂದು ಒಪ್ಪಿ ನಾಲ್ವರು ಹತ್ತಿ ಇಳಿಯುವಾಗ ಎಂಬತ್ತು ಕೇಳಿದರೆ ಡ್ರೈವರ್ ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಅವರು ಹೇಳಿದ್ದೇ ತಲೆಗೆ ಇಪ್ಪತ್ತು. ಆಮೇಲೆ ಹೋಗುವುದಷ್ಟೆಯೋ ಹೋಗಿಬರುವುದೋ ಎನ್ನುವುದು. ಆಯಿಷಾ ಮಸೀದಿಯಲ್ಲಿ ಸ್ನಾನ, ನಿಯ್ಯತ್ (ಸಂಕಲ್ಪ), ಎರಡು ರಕಾತ್ ನಮಾಜಿಗೆ ಅರ್ಧ ಗಂಟೆಯಾದರೂ ಬೇಕು, ಹಿರಿಯರಿದ್ದರೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಕಾಯುವುದೂ ಸೇರಿದೆ ಎಂದು ಬಾಯಿಬಿಟ್ಟು ಹೇಳಿಸಿ. ಹಣವನ್ನು ಮರಳಿ ಬಂದ ಮೇಲೆಯೇ ಕೊಡಿ. ಕೊನೆಗೆ ಮೊತ್ತವನ್ನು ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ಇಬ್ಬರೂ ನೋಡಿ. ಅರಬ್ಬಿಯಲ್ಲಿ ಖಮ್ಸಾ ಐದು, ಖಮ್ಸತಾಶ್ ಹದಿನೈದು, ಖಮ್ಸೀನ್ ಐವತ್ತು. ಗದ್ದಲದಲ್ಲಿ ಈ ಮೂರೂ ಒಂದೇ ರೀತಿ ಕೇಳಿಸುತ್ತವೆ.

ಝಿಯಾರತ್‌ಗಾದರೆ ಯಾವ ಯಾವ ಜಾಗ ಎಂದು ಹೆಸರಿಟ್ಟು ಎಣಿಸಿ. ಮದೀನಾದಲ್ಲಿ ಕುಬಾ, ಉಹುದ್, ಕಿಬ್ಲತೈನ್ ಮೂರಕ್ಕೂ ಒಪ್ಪಂದವಾಗಿದ್ದರೆ ಮೂರು ಕಡೆಯೂ ಇಳಿಸಬೇಕು. 'ದೂರದಿಂದ ತೋರಿಸ್ತೀನಿ' ಎನ್ನುವವರ ಗಾಡಿ ಬೇಡ.

ನಮಾಜ್ ಮುಗಿದ ಕೂಡಲೇ ಹರಮ್ ಸುತ್ತಲಿನ ರಸ್ತೆಗಳಲ್ಲಿ ಜನಸಾಗರ. ಪೊಲೀಸರು ಕೆಲವು ರಸ್ತೆ ಮುಚ್ಚುತ್ತಾರೆ, ಬಾಡಿಗೆ ಏರುತ್ತದೆ, ಆ್ಯಪ್ ಗಾಡಿ ಹತ್ತಿರ ಬರಲಾಗದೆ ರದ್ದಾಗುತ್ತದೆ. ಒಂದರ್ಧ ಗಂಟೆ ಒಳಗೇ ಕುಳಿತು ಹೊರಡಿ, ಇಲ್ಲವೆ ಹತ್ತು ಹದಿನೈದು ನಿಮಿಷ ನಡೆದು ರಸ್ತೆ ಬಿಡುವಾದ ಕಡೆ ಗಾಡಿ ಹಿಡಿಯಿರಿ. ಮೊಣಕಾಲು ನೋವಿನ ಹಿರಿಯರಿಗೆ ಮೊದಲನೆಯದೇ ಸರಿ. ಹೋಟೆಲಿನ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಹೋಟೆಲುಗಳು ಹಲವಿರುತ್ತವೆ. ಹೋಟೆಲಿನ ಕಾರ್ಡ್ ಅರಬ್ಬಿ ಬದಿ ಮೇಲೆ ಬರುವಂತೆ ಕೊರಳ ಪಟ್ಟಿಯಲ್ಲೇ ಇಟ್ಟುಕೊಳ್ಳಿ.

ಆ್ಯಪ್ ಗಾಡಿ ಬಂದಾಗ

ಕರೀಮ್, ಊಬರ್, ಗ್ರ್ಯಾಬ್ ಎಲ್ಲಕ್ಕೂ ಒಂದೇ ಕ್ರಮ. ನಂಬರ್ ಪ್ಲೇಟ್ ಹೊಂದಿಸಿ ನೋಡಿ. ಕಾರಿನ ಬಣ್ಣ, ಮಾದರಿ ಹೊಂದಿದರೆ ಸಾಲದು, ಬಿಳಿ ಕಾರುಗಳು ಹತ್ತಾರು ನಿಂತಿರುತ್ತವೆ. 'ನೀವು ಇಂಥವರಾ?' ಎಂದು ನಿಮ್ಮ ಹೆಸರನ್ನು ಡ್ರೈವರೇ ಹೇಳಲಿ, ನೀವಾಗಿ ಹೇಳಬೇಡಿ. ಕೆಲವು ಕಡೆ ಆ್ಯಪ್ ನಾಲ್ಕಂಕಿಯ ಪಿನ್ ಕೊಡುತ್ತದೆ, ಅದನ್ನು ಗಾಡಿಯ ಬಳಿ ಬಂದ ಮೇಲೆಯೇ ಕೊಡಿ. 'ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡಿ, ನಗದು ಕೊಡಿ, ಕಡಿಮೆಗೆ ಬರ್ತೀನಿ' ಎಂದರೆ ಒಪ್ಪಬೇಡಿ. ಆ ಕ್ಷಣದಿಂದ ಆ ಪ್ರಯಾಣದ ದಾಖಲೆಯೇ ಇರುವುದಿಲ್ಲ. ಹೊರಟ ಮೇಲೆ ಪ್ರಯಾಣದ ಲಿಂಕನ್ನು ಮನೆಯವರಿಗೆ ಕಳಿಸಿ.

ವಿಮಾನ ನಿಲ್ದಾಣದ ಉಚಿತ ವೈಫೈ ಹಿಡಿದು ಗಾಡಿ ಬುಕ್ ಮಾಡಿ ಹೊರಗೆ ಬಂದರೆ ವೈಫೈ ಕಡಿಯುತ್ತದೆ. ಡ್ರೈವರ್ ಎಲ್ಲಿದ್ದಾರೆ ಗೊತ್ತಾಗುವುದಿಲ್ಲ, ಅವರು ಕಾದು ಹೋದರೆ ರದ್ದತಿ ಶುಲ್ಕ ಬೀಳುತ್ತದೆ. ಸಿಮ್ ಇಲ್ಲದವರು ಬುಕ್ ಆದ ಕೂಡಲೇ ನಂಬರ್ ಪ್ಲೇಟ್ ಮತ್ತು ಹತ್ತುವ ಜಾಗದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಹತ್ತುವ ಜಾಗ ಯಾವ ಮಹಡಿ ಎನ್ನುವುದನ್ನು ಓದಿ ನೋಡಿ. ನಿರ್ಗಮನ, ಆಗಮನ ಬೇರೆ ಬೇರೆ ಮಹಡಿಯಲ್ಲಿರುತ್ತವೆ.

ಬ್ಯಾಂಕಾಕ್, ಅಮೆರಿಕ

ಗುಂಪಾಗಿ ಬ್ಯಾಂಕಾಕ್‌ಗೆ ಹೋಗುವವರಿಗೆ ನಾಲ್ಕು ಮಾತು. ಸುವರ್ಣಭೂಮಿ ನಿಲ್ದಾಣದಲ್ಲಿ ಮೀಟರ್ ಟ್ಯಾಕ್ಸಿ ಸಿಗುವುದು 1ನೇ ಮಹಡಿಯಲ್ಲಿ. ಅಲ್ಲಿಯ ಯಂತ್ರದ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಅದರಲ್ಲಿರುವ ಸಂಖ್ಯೆಯ ಜಾಗಕ್ಕೆ ಹೋಗಿ ಹತ್ತಬೇಕು. ಆ ಚೀಟಿಯನ್ನು ಡ್ರೈವರ್ ಕೇಳಿದರೂ ಕೊಡಬೇಡಿ, ದೂರು ಕೊಡಲು ಅದೇ ಆಧಾರ. ಸಾಧಾರಣ ಕಾರಿನ ಮೀಟರ್ 35 ಬಾತ್‌ನಿಂದ ಶುರು, ಮೇಲೆ ನಿಲ್ದಾಣದ ಶುಲ್ಕ 50 ಬಾತ್, ಹೆದ್ದಾರಿಯ ಟೋಲ್ ಪ್ರಯಾಣಿಕರದೇ. 'ಮೀಟರ್ ಕೆಟ್ಟಿದೆ' ಎಂದರೆ ಇಳಿದುಬಿಡಿ. ಟುಕ್‌ಟುಕ್‌ಗೆ ಮೀಟರ್ ಇಲ್ಲ, ಅಲ್ಲಿ ಮನಸಾರೆ ಕುದುರಿಸಿ. ಆದರೆ 'ಗ್ರ್ಯಾಂಡ್ ಪ್ಯಾಲೇಸ್ ಇವತ್ತು ಬಂದ್, ಬೇರೆ ಕಡೆ ತೋರಿಸ್ತೀನಿ' ಎನ್ನುವವರ ಗಾಡಿ ಕೊನೆಗೆ ನಿಲ್ಲುವುದು ಹರಳಿನ ಅಂಗಡಿಯ ಮುಂದೆ. ಅರಮನೆ ಸಾಮಾನ್ಯವಾಗಿ ದಿನವೂ ತೆರೆದಿರುತ್ತದೆ, ನೀವೇ ಬಾಗಿಲ ತನಕ ಹೋಗಿ ನೋಡಿ. ಪ್ರವಾಸಿ ಪೊಲೀಸರ ನಂಬರ್ 1155.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗುವ ಹಿರಿಯರು ಮೊದಲ ಸಲ ಮಕ್ಕಳೇ ಬುಕ್ ಮಾಡಿದ ಗಾಡಿಯಲ್ಲಿ ಹೋಗುವುದು ಒಳ್ಳೆಯದು. ಅಲ್ಲಿಯ ಟ್ಯಾಕ್ಸಿಯಲ್ಲಿ ಬಾಡಿಗೆಯ ಮೇಲೆ ಶೇಕಡಾ 15ರಿಂದ 20ರಷ್ಟು ಟಿಪ್ ಕೊಡುವುದು ನಡೆದು ಬಂದ ಪದ್ಧತಿ. ದುಬೈಯಲ್ಲಿ ಹಾಗೇನಿಲ್ಲ, ಒಂದೆರಡು ದಿರ್ಹಮ್ ಚಿಲ್ಲರೆ ಬಿಟ್ಟರೆ ಸಾಕು.

ಎಡವಟ್ಟಾದರೆ

ಹತ್ತುವಾಗಲೇ ಗಾಡಿಯ ನಂಬರ್ ಪ್ಲೇಟಿನ ಫೋಟೊ ತೆಗೆಯಿರಿ. ಬಿಡುವಿದ್ದರೆ ಬಾಗಿಲ ಮೇಲಿನ ಗಾಡಿ ಸಂಖ್ಯೆಯದ್ದೂ ಇರಲಿ. ದಾರಿ ಸುತ್ತುಬಳಸಾಗಿದೆ ಅನ್ನಿಸಿದರೆ ಫೋನಿನಲ್ಲಿ ಮ್ಯಾಪ್ ತೆರೆದು ಡ್ರೈವರಿಗೆ ಕಾಣುವಂತೆ ಹಿಡಿದುಕೊಳ್ಳಿ, ಹೆಚ್ಚಿನ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಟ್ರಾಫಿಕ್ ತಪ್ಪಿಸಲು ಸುತ್ತಿ ಹೋಗುವುದೂ ಉಂಟು, ಆದ್ದರಿಂದ ಕಳ್ಳನೆಂಬಂತೆ ಮಾತಾಡಬೇಡಿ. ಬಾಡಿಗೆಯ ಜಗಳವಾದರೆ ಧ್ವನಿ ಏರಿಸಬೇಡಿ, ಬೈಯಬೇಡಿ. ಯುಎಇಯಲ್ಲಿ ಬೈಗುಳವೂ ಅಪರಾಧ, ಹಣದ ಜಗಳದಲ್ಲಿ ನ್ಯಾಯ ನಿಮ್ಮ ಕಡೆ ಇದ್ದರೂ ಬೈದದ್ದಕ್ಕೆ ನೀವೇ ಸಿಕ್ಕಿಬೀಳುತ್ತೀರಿ. ಮನೆ ಅಥವಾ ಹೋಟೆಲಿನ ಬಾಗಿಲ ತನಕ ಹೋಗಿ, ಮೊದಲು ಸಾಮಾನು ಇಳಿಸಿಕೊಂಡು, ಆಮೇಲೆ ಲೆಕ್ಕ ಮಾತಾಡಿ. ಮಗನೋ ಹೋಟೆಲಿನವರೋ ನಡುವೆ ಬಂದರೆ ಮಾತು ಬೇಗ ಮುಗಿಯುತ್ತದೆ.

ಪೊಲೀಸರ ತುರ್ತು ನಂಬರ್ ಯುಎಇಯಲ್ಲಿ 999, ಜಿದ್ದಾ ಸೇರಿದಂತೆ ಮಕ್ಕಾ ಪ್ರಾಂತ್ಯದಲ್ಲಿ 911. ದುಬೈ ಟ್ಯಾಕ್ಸಿಯಲ್ಲಿ ಫೋನೋ ಪರ್ಸೋ ಉಳಿದುಬಿಟ್ಟರೆ ಆರ್‌ಟಿಎ ಸಹಾಯವಾಣಿ 8009090ಕ್ಕೆ ಕರೆ ಮಾಡಿ. ರಸೀದಿಯಲ್ಲಿ ಗಾಡಿಯ ಸಂಖ್ಯೆ, ಹತ್ತಿದ ಇಳಿದ ಸಮಯ ಎಲ್ಲ ಇರುತ್ತದೆ, ಅದನ್ನು ಓದಿ ಹೇಳಿದರೆ ಗಾಡಿಯನ್ನು ಪತ್ತೆ ಮಾಡುವುದು ಸುಲಭ. ರಸೀದಿ ಇಲ್ಲದಿದ್ದರೆ ಹತ್ತಿದ ಜಾಗ, ಇಳಿದ ಜಾಗ, ಅಲ್ಲಿಯ ಗಡಿಯಾರದ ಸಮಯ ಹೇಳಿ. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ ಹಿಂದೆ. ಊರಿನ ಸಮಯಕ್ಕೇ ಇಟ್ಟ ಕೈಗಡಿಯಾರ ನೋಡಿ ಹೇಳಿದರೆ ಹುಡುಕುವವರು ಬೇರೆಯೇ ಗಾಡಿ ಹುಡುಕುತ್ತಾರೆ. ಕಳೆದದ್ದು ಪಾಸ್‌ಪೋರ್ಟ್ ಆಗಿದ್ದರೆ ಸಿಕ್ಕೀತೆಂದು ಕಾಯುತ್ತಾ ಕೂರಬೇಡಿ. ಅದೇ ದಿನ ಪೊಲೀಸ್ ದೂರಿನ ಪ್ರತಿ ಪಡೆದು, ದುಬೈ ಅಥವಾ ಜಿದ್ದಾದಲ್ಲಿರುವ ಭಾರತದ ಕಾನ್ಸುಲೇಟ್‌ಗೆ ಹೋಗಿ. ಪಾಸ್‌ಪೋರ್ಟ್ ಮತ್ತು ವೀಸಾದ ನೆರಳಚ್ಚು ಪ್ರತಿಗಳನ್ನು ಬೇರೆ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರೆ ಅಲ್ಲಿಯ ಕೆಲಸ ಬೇಗ ಆಗುತ್ತದೆ.